ಹತ್ತಿರದ ದವಾಖಾನೆ

"ಈ ಕೆಲಸ ಈ ಅವ್ವನ ಕೈಯಾಗೇ ಕೊಡೂದು ನೋಡ್ರಿ" ಎಂದು ನಮ್ಮ ಸಂಸ್ಥೆಯ ಕಾರ್ಯದರ್ಶಿಗಳು ಮೀಟಿಂಗಿನಲ್ಲಿ ನನ್ನ ಕಡೆ ಕೈ ಮಾಡಿದಾಗ ಉಳಿದವರೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಎದೆ ಧಸಕ್ಕೆಂದಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರಿಂದ ನಗಬೇಕಾಯಿತು, ನಕ್ಕೆ. ಹೆದರಿದಾಗ ನಗುವುದನ್ನು ನಾನು ಬಹಳ ಹಿಂದೆಯೇ ಕಲಿತುಕೊಂಡಿದ್ದೇನೆ.

ಕೆಲಸವೆಂದರೆ ಇಷ್ಟು. ಯಾದಗಿರಿ, ಶಹಾಪುರ, ಸುರಪುರ, ಈ ಮೂರು ಊರುಗಳಲ್ಲಿ ನಮ್ಮ ಸಂಸ್ಥೆಯ ಧರ್ಮಾರ್ಥ ದವಾಖಾನೆಗಳಿವೆ. ಧಾನ್ಯದ ಅಡತಿ ಅಂಗಡಿಯವರು, ಬಟ್ಟೆ ವ್ಯಾಪಾರಿಗಳು ಸೇರಿ ಕಟ್ಟಿದ್ದು. ಮುಖ್ಯ ಕಚೇರಿ ಇರುವುದು ಯಾದಗಿರಿಯಲ್ಲಿ, ನಾನು ಅಲ್ಲಿ ಕ್ಲರ್ಕು. ಅಲ್ಲಿಯ ತನಕ ಆಯಾ ಊರಿನ ರೋಗಿಗಳ ಕಾರ್ಡುಗಳು ಆಯಾ ಊರಿನ ಕಪಾಟಿನಲ್ಲೇ ಇರುತ್ತಿದ್ದವು. ಶಹಾಪುರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡವರು ಯಾದಗಿರಿಗೆ ಬಂದರೆ ಇಲ್ಲಿ ಮತ್ತೊಮ್ಮೆ ಸೂಜಿ ಚುಚ್ಚಿಸಿಕೊಳ್ಳಬೇಕು. ಇನ್ನು ಮೇಲೆ ಹಾಗಾಗಬಾರದು, ಮೂರೂ ಊರಿನ ಕಾರ್ಡುಗಳು ಕಂಪ್ಯೂಟರಿನೊಳಗೆ ಹೋಗಬೇಕು, ಯಾವ ಊರಲ್ಲಿ ಕೂತು ನೋಡಿದರೂ ಎಲ್ಲರ ವಿವರ ಕಾಣಬೇಕು. ಕಂಪನಿಯವರು ಕೊಟ್ಟ ಮಿರಿಮಿರಿ ಪುಸ್ತಿಕೆಯಲ್ಲಿ ಇದಕ್ಕೆ ಮಾಹಿತಿ ನಿರ್ವಹಣಾ ಕಾರ್ಯಕ್ರಮ ಎಂಬ ಉದ್ದನೆಯ ಹೆಸರಿತ್ತು. ಕಾರ್ಯದರ್ಶಿಗಳಿಗೆ ಅಷ್ಟುದ್ದ ಬೇಕಿರಲಿಲ್ಲ. ಅವರು ಸಿಸ್ಟಮ್ಮು ಎನ್ನುತ್ತಿದ್ದರು, ಹೊಸದಾಗಿ ಮನೆಗೆ ಬಂದ ಸೊಸೆಯ ಹೆಸರು ಹೇಳುವಷ್ಟು ಪ್ರೀತಿಯಿಂದ.

ನಾವೆಲ್ಲ ಅವರನ್ನು ಸಾವ್ಕಾರ್ರು ಎಂದು ಕರೆಯುತ್ತೇವೆ. ತೊಗರಿ ವ್ಯಾಪಾರ ಮಾಡಿ ಮಕ್ಕಳಿಗೆ ಒಪ್ಪಿಸಿ ಈಗ ದವಾಖಾನೆಗಳನ್ನು ನೋಡಿಕೊಳ್ಳುತ್ತಾರೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಒಳ್ಳೆಯ ಮನುಷ್ಯರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವಾಗ ನನಗೆ ಸಿಟ್ಟು ಬಂದರೂ ಬರಬಹುದು.

ನನ್ನ ಎದೆ ಧಸಕ್ಕೆನ್ನಲು ಕಾರಣವಿತ್ತು. ಸುರಪುರದ ಕಪಾಟಿನಲ್ಲಿ, ಮನಸ್ಸಿನ ಡಾಕ್ಟರ ಕಾರ್ಡುಗಳ ನಡುವೆ ನನ್ನದೂ ಒಂದಿತ್ತು.

ನನ್ನ ಕಾಯಿಲೆಯೇ ಅಂಜಿಕೆ. ಈ ಕೆಲಸಕ್ಕೆ ಸೇರುವುದಕ್ಕೂ ಮೊದಲಿನ ಮಾತು. ಒಮ್ಮೆ ಶಹಾಪುರದ ಬಸ್ಸಿನಲ್ಲಿ ಭೀಮೆಯ ಸೇತುವೆ ದಾಟುತ್ತಿದ್ದಾಗ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು. ಉಸಿರು ಸಿಗಲೊಲ್ಲದು, ಕಣ್ಣು ಮಂಜಾಯಿತು. ಸತ್ತೇಹೋದೆ ಅಂದುಕೊಂಡೆ. ಕಂಡಕ್ಟರ್ ಬಸ್ಸು ನಿಲ್ಲಿಸಿ ನೀರು ಕುಡಿಸಿದ. ಎದೆಯ ಪರೀಕ್ಷೆಗಳನ್ನೆಲ್ಲ ಮಾಡಿಸಿದೆವು, ಎದೆಯಲ್ಲಿ ಏನೂ ದೋಷವಿರಲಿಲ್ಲ. ಆಮೇಲೆ ಅದು ಅಡುಗೆಮನೆಯಲ್ಲಿ ಬಂತು, ಸಂತೆಯಲ್ಲಿ ಬಂತು, ನೆಂಟರ ಮದುವೆಯಲ್ಲಿ ಅಕ್ಷತೆ ಹಿಡಿದು ನಿಂತಾಗ ಬಂತು. ಕಡೆಗೆ ಕಲಬುರಗಿಯಿಂದ ವಾರಕ್ಕೊಮ್ಮೆ ಸುರಪುರಕ್ಕೆ ಬಂದು ಕೂಡುವ ಡಾಕ್ಟರು, ಇದಕ್ಕೆ ಗುಳಿಗೆ ಇದೆ ಎಂದರು. ಗುಳಿಗೆ ಸಣ್ಣದು. ತೆಗೆದುಕೊಂಡರೆ ಎಲ್ಲರಂತೆ ಇರುತ್ತೇನೆ, ಬಿಟ್ಟರೆ ಸೇತುವೆ ದಾಟಲಾರೆ. "ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದಿದ್ದರು ನನ್ನ ಗಂಡ. ಅವರು ಹೇಳದಿದ್ದರೂ ನಾನೇನು ಡಂಗುರ ಸಾರುತ್ತಿರಲಿಲ್ಲ.

ಯಾದಗಿರಿಯವಳು ಸುರಪುರಕ್ಕೆ ಏಕೆ ಹೋಗಬೇಕು? ಅದೇ ಡಾಕ್ಟರು ಬೇರೆ ದಿನಗಳಲ್ಲಿ ಯಾದಗಿರಿಯಲ್ಲೂ ಶಹಾಪುರದಲ್ಲೂ ಕೂಡುತ್ತಾರೆ. ಆದರೆ ಹೊರಗಿನವರಿಗೆ ಗೊತ್ತಿಲ್ಲದ ಒಂದು ರೂಢಿ ನಮ್ಮಲ್ಲಿದೆ. ತಲೆಯ ಗುಳಿಗೆಗೆ ಯಾರೂ ತಮ್ಮ ಊರಿನ ದವಾಖಾನೆಗೆ ಹೋಗುವುದಿಲ್ಲ. ಯಾದಗಿರಿಯವರು ಸುರಪುರಕ್ಕೆ, ಸುರಪುರದವರು ಯಾದಗಿರಿಗೆ, ಶಹಾಪುರದವರು ನಡುವೆ ಇರುವುದರಿಂದ ಯಾವ ಕಡೆಯ ಬಸ್ಸು ಮೊದಲು ಸಿಕ್ಕರೆ ಆ ಕಡೆಗೆ. ಇದನ್ನು ಯಾರೂ ಕೂತು ನಿರ್ಣಯಿಸಿದ್ದಲ್ಲ. ಒಬ್ಬರನ್ನು ನೋಡಿ ಒಬ್ಬರು ಕಲಿತದ್ದೂ ಅಲ್ಲ, ಏಕೆಂದರೆ ಯಾರೂ ಯಾರನ್ನೂ ನೋಡುವುದಿಲ್ಲ. ಸುರಪುರದ ಆ ಉದ್ದನೆಯ ಪಡಸಾಲೆಯಲ್ಲಿ ಪಕ್ಕದ ಮನೆಯವರೇ ಬಂದು ಕೂತರೂ ಗುರುತು ಹಿಡಿಯಬಾರದು. ಗೋಡೆಯ ಮೇಲಿನ ಲಸಿಕೆಯ ಚಿತ್ರ ನೋಡುತ್ತ ಕೂಡಬೇಕು. ನಮ್ಮ ಓಣಿಯ ಹಿಟ್ಟಿನ ಗಿರಣಿಯವರು ಎಷ್ಟೋ ಸಲ ನನ್ನ ಎದುರಿನ ಬೆಂಚಿನಲ್ಲಿ ಕೂತಿದ್ದಾರೆ. ಮಾರನೆಯ ದಿನ ಜೋಳದ ಡಬ್ಬಿ ಹೊತ್ತು ಹೋದರೆ, "ಸಣ್ಣಗ ಬೀಸ್ಲೇನ್ರಿ ಅಕ್ಕಾರ?" ಎಂದು ಕೇಳುತ್ತಿದ್ದರೇ ಹೊರತು ಇನ್ನೊಂದು ಮಾತಿಲ್ಲ. ನನಗೂ ಅವರಿಗೂ ಅದರಲ್ಲಿ ಬಹಳ ನೆಮ್ಮದಿಯಿತ್ತು.

ಅಲ್ಲಿನ ನರ್ಸನ್ನು ಎಲ್ಲರೂ ಸಿಸ್ಟರ್ ಬಾಯಿ ಎನ್ನುತ್ತಿದ್ದರು. ಅವರು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮೊದಲ ದಿನವೇ, "ನಿಮಗ ಯಾ ಊರು ಬೇಕು?" ಎಂದು ಕೇಳಿಬಿಡುತ್ತಿದ್ದರು. ನಾವು ನಮ್ಮದಲ್ಲದ ಒಂದು ಊರು ಹೇಳಬೇಕು, ಸರದಿ ಬಂದಾಗ ಆ ಊರಿನಿಂದಲೇ ಕರೆಯುತ್ತಾರೆ. ನಾನು ಬೋನಾಳ ಎಂದಿದ್ದೆ. ಚಿಕ್ಕವಳಿದ್ದಾಗ ಅಲ್ಲಿಯ ಕೆರೆಗೆ ಹಕ್ಕಿ ನೋಡಲು ಹೋಗಿದ್ದು ಬಿಟ್ಟರೆ ಆ ಊರಿಗೂ ನನಗೂ ಸಂಬಂಧವಿಲ್ಲ. ಗಿರಣಿಯವರು ಸೈದಾಪುರ. ಯಾವಾಗಲೂ ನನ್ನ ಪಕ್ಕವೇ ಬಂದು ಕೂಡುತ್ತಿದ್ದ ಒಬ್ಬ ಹೆಣ್ಣುಮಗಳು ವಡಗೇರಾ. ಅವಳು ಶಹಾಪುರದವಳೆಂದು ಕೈಚೀಲದ ಮೇಲಿನ ಬಟ್ಟೆ ಅಂಗಡಿಯ ಹೆಸರಿನಿಂದ ನನಗೆ ತಿಳಿದಿತ್ತು, ಅಷ್ಟೇ. ಒಮ್ಮೊಮ್ಮೆ ಚೀಲದಿಂದ ಹುರಿದ ಶೇಂಗಾ ತೆಗೆದು, ನನ್ನ ಕಡೆ ನೋಡದೆಯೇ ಒಂದು ಮುಷ್ಟಿ ನಮ್ಮಿಬ್ಬರ ನಡುವೆ ಬೆಂಚಿನ ಮೇಲೆ ಇಡುತ್ತಿದ್ದಳು. ನಾನೂ ನೋಡದೆಯೇ ತಿನ್ನುತ್ತಿದ್ದೆ.

ಆಮೇಲೆ ಅದೇ ಸಂಸ್ಥೆಯ ಯಾದಗಿರಿ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿತು. ಆಗಲೇ ಬೇರೆ ಡಾಕ್ಟರನ್ನು ಹುಡುಕಿಕೊಳ್ಳಬೇಕಿತ್ತು ಎಂದು ಯಾರಾದರೂ ಹೇಳಬಹುದು. ಅಂಜಿಕೆಯ ಕಾಯಿಲೆ ಇರುವವರಿಗೆ ಹೊಸ ಡಾಕ್ಟರು, ಹೊಸ ಪಡಸಾಲೆ ಎಂದರೆ ಏನೆಂದು ಅವರಿಗೆ ಗೊತ್ತಿಲ್ಲ. ಸಿಸ್ಟರ್ ಬಾಯಿ ನನ್ನ ಗುಟ್ಟನ್ನು ಹೊಟ್ಟೆಯಲ್ಲಿ ಹಾಕಿಕೊಂಡಿದ್ದರು. ಎರಡನೆಯ ಶನಿವಾರ ಕಚೇರಿಗೆ ರಜೆ, ಸುರಪುರದಲ್ಲಿ ಡಾಕ್ಟರು ಕೂಡುವುದೂ ಶನಿವಾರ. ರಂಗಂಪೇಟೆಯಲ್ಲಿ ಚಿಕ್ಕಮ್ಮ ಇದ್ದಾಳೆ ಎಂದು ಕಚೇರಿಯಲ್ಲಿ ಹೇಳಿಟ್ಟಿದ್ದೆ. ಚಿಕ್ಕಮ್ಮ ನಿಜವಾಗಿಯೂ ಇದ್ದಳು, ಅದೊಂದು ಪುಣ್ಯ.

ಹೀಗೆ ನಡೆದಿದ್ದ ಬದುಕಿನೊಳಗೆ ಸಿಸ್ಟಮ್ಮು ಬಂತು. ಕಂಪನಿಯ ಕಡೆಯಿಂದ ಬಂದ ಎಂಜಿನಿಯರ್ ಕಲಬುರಗಿಯವನು, ಎರಡು ಮಕ್ಕಳ ತಂದೆ, ಸಮಾಧಾನದ ಮನುಷ್ಯ. ಎರಡು ಊರಿನ ಕಾರ್ಡುಗಳನ್ನು ಗೋಣಿಚೀಲದಲ್ಲಿ ಕಟ್ಟಿ ಆಂಬುಲೆನ್ಸಿನಲ್ಲಿ ಯಾದಗಿರಿಗೆ ತಂದು ಇಳಿಸಿದರು. ಪಕ್ಕದ ಮೇಜಿನ ಗೆಳತಿ ಶಹಾಪುರದ ಗಂಟು ಬಿಚ್ಚಿದಳು. ಅವಳು ಕೈ ಚಾಚುವ ಮೊದಲೇ ನಾನು ಸುರಪುರದ ಗಂಟನ್ನು ನನ್ನ ಕಾಲ ಬಳಿ ಎಳೆದುಕೊಂಡೆ. "ಅದು ದೊಡ್ಡದದ, ಇಬ್ಬರೂ ಕೂಡಿ ಮಾಡೂಣಲ್ಲ?" ಎಂದಳು ಪಾಪ. "ನಾನೇ ಮಾಡ್ತೀನಿ ಬಿಡು" ಎಂದು ಗದರಿಸಿದಂತೆ ಹೇಳಿದೆ. ಹೆದರಿಕೆ ಹೆಚ್ಚಾದರೆ ನನಗೆ ಸಿಟ್ಟು ಬರುತ್ತದೆ.

ಒಂದು ಮಧ್ಯಾಹ್ನ ನನ್ನ ಕಾರ್ಡು ನನ್ನದೇ ಕೈಗೆ ಬಂತು. ಎತ್ತಿ ಊಟದ ಚೀಲದೊಳಗೆ, ಡಬ್ಬಿಯ ಕೆಳಗೆ ಇಟ್ಟುಬಿಟ್ಟೆ. ಮರುದಿನ ಬೆಳಿಗ್ಗೆ ಎಂಜಿನಿಯರ್ ಪರದೆ ತೋರಿಸಿದ. "ಮೇಡಂ, ಸುರಪುರದ್ದು ಒಂದು ನಂಬರ್ ಬಿಟ್ಟು ಹೋಗ್ಯಾದ್ರಿ. ಹಿಂದಿಂದೂ ಅದ, ಮುಂದಿಂದೂ ಅದ, ನಡುವಿಂದಿಲ್ಲ." ಬಿಟ್ಟುಹೋದ ನಂಬರು ಕೆಂಪಗೆ ಉರಿಯುತ್ತಿತ್ತು. ಗೆಳತಿ ನನ್ನ ಮೇಜಿನ ಕೆಳಗೆ ಬಗ್ಗಿ ಹುಡುಕತೊಡಗಿದಳು, ಊಟದ ಚೀಲವನ್ನೂ ಅತ್ತ ಸರಿಸಿದಳು. "ಇಲ್ಲೇ ಎಲ್ಲೋ ಜಾರಿರತದ, ನಾ ನೋಡ್ತೀನಿ" ಎಂದು ಅವಳನ್ನು ಎಬ್ಬಿಸಿ, ಅವರೆಲ್ಲ ಚಹಾಕ್ಕೆ ಹೋದಾಗ ಕಾರ್ಡು ತೆಗೆದು ಅದರ ವಿವರಗಳನ್ನು ನಾನೇ ಟೈಪು ಹೊಡೆದೆ. ಆಧಾರ್ ನಂಬರು ಹಾಕಿದ ಕೂಡಲೇ ನನ್ನ ಹೆಸರು, ಓಣಿ, ಊರು ತಾವಾಗಿಯೇ ಬಂದು ಕೂತವು. ಕೆಂಪು ಹೋಯಿತು. ಆ ದಿನ ನಾನು ಗುಳಿಗೆಯನ್ನು ಹೊತ್ತಿಗೆ ಮುಂಚೆಯೇ ನುಂಗಿದೆ.

ಒಂದು ಧೈರ್ಯವಿತ್ತು. ಇಷ್ಟು ಕಾರ್ಡುಗಳೊಳಗೆ ನನ್ನದನ್ನು ಹುಡುಕುವವರು ಯಾರು? ಸಿಸ್ಟಮ್ಮು ತಾನಾಗಿಯೇ ಹುಡುಕಿ ಕೊಡುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಕೆಲಸ ಮುಗಿದ ಮೇಲೆ ಎಂಜಿನಿಯರ್ ಸಾವ್ಕಾರ್ರನ್ನು ಕೂಡಿಸಿಕೊಂಡು ಒಂದೊಂದೇ ತೋರಿಸಿದ. ಯಾವ ಊರಲ್ಲಿ ಸಕ್ಕರೆ ಕಾಯಿಲೆ ಎಷ್ಟು, ಯಾವ ಊರಲ್ಲಿ ಹೆರಿಗೆ ಎಷ್ಟು. ಸಾವ್ಕಾರ್ರು ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡಿದರು. ಆಮೇಲೆ ಅವನು ಇನ್ನೊಂದು ಪುಟ ತೆರೆದ. ಮನೆಗೆ ಹತ್ತಿರದ ದವಾಖಾನೆ ಬಿಟ್ಟು ದೂರದ್ದಕ್ಕೆ ಹೋಗುವ ರೋಗಿಗಳು. ಜ್ವರ, ಕೆಮ್ಮು, ಬಾಣಂತನ, ಎಲ್ಲದರಲ್ಲೂ ಅಲ್ಲೊಂದು ಇಲ್ಲೊಂದು ಕೆಂಪು ಗೆರೆ. ಮನಸ್ಸಿನ ಡಾಕ್ಟರ ಸಾಲಿಗೆ ಬಂದಾಗ ಪರದೆಯೆಲ್ಲ ಕೆಂಪಾಯಿತು.

"ಇದೇನಪಾ, ಇದರಾಗ ಏನೋ ಗಲತ್ ಆಗ್ಯಾದ" ಎಂದರು ಸಾವ್ಕಾರ್ರು.

"ಇಲ್ರಿ ಸರ್, ಡೇಟಾ ಬರೋಬ್ಬರಿ ಅದ. ಯಾದಗಿರಿ ಮಂದಿ ಸುರಪುರಕ್ಕ ಹೋಗ್ಯಾರ, ಸುರಪುರದವ್ರು ಇಲ್ಲಿಗಿ ಬಂದಾರ."

ಸಾವ್ಕಾರ್ರು ನಿಜಕ್ಕೂ ನೊಂದುಕೊಂಡರು. ಬಡವರು ಒಂದು ದಿನದ ಕೂಲಿ ಬಿಟ್ಟು, ಬಿಸಿಲಲ್ಲಿ ಬಸ್ಸು ಕಾದು, ಮನೆಯ ಪಕ್ಕದಲ್ಲೇ ಇರುವ ದವಾಖಾನೆ ಗೊತ್ತಿಲ್ಲದೆ ಅಲೆಯುತ್ತಿದ್ದಾರಲ್ಲ ಎಂದು. "ನಾವೇ ಅವ್ರಿಗಿ ಹೇಳಿಲ್ಲ, ನಮ್ಮದೇ ತಪ್ಪು" ಎಂದರು. ಅಲ್ಲೇ ತೀರ್ಮಾನವಾಯಿತು. ಎಲ್ಲರ ಕಾರ್ಡುಗಳನ್ನೂ ಅವರವರ ಹತ್ತಿರದ ದವಾಖಾನೆಗೆ ವರ್ಗ ಮಾಡುವುದು. ಕಚೇರಿಯಿಂದ ಒಬ್ಬೊಬ್ಬರಿಗೂ ಫೋನು ಮಾಡಿ ತಿಳಿಸುವುದು. ಮೊದಲು ಶಹಾಪುರದ ವಿಳಾಸದವರಿಗೆ, ಅದು ಮುಗಿದ ಮೇಲೆ, ಎರಡನೆಯ ಶನಿವಾರ ದಾಟಿದ ಸೋಮವಾರ, ಯಾದಗಿರಿಯವರಿಗೆ. ಫೋನು ಮಾಡುವ ಕೆಲಸ ಗೆಳತಿಯದು.

ನಾನು ಗೋಡೆಗೆ ಒರಗಿ ನಿಂತಿದ್ದೆ. ಸೋಮವಾರ ಅವಳು ಯಾದಗಿರಿಯ ಹೆಸರುಗಳನ್ನು ಒಂದೊಂದಾಗಿ ಓದುತ್ತ ಬರುತ್ತಾಳೆ, ನನ್ನದು ಬರುತ್ತದೆ. ನಂಬರು ಒತ್ತುತ್ತಾಳೆ, ಮೊಳ ದೂರದಲ್ಲಿ ನನ್ನ ಫೋನು ಬಡಿದುಕೊಳ್ಳುತ್ತದೆ. ಕಣ್ಣು ಮುಚ್ಚಿದರೂ ತೆರೆದರೂ ಅದೇ ಕಾಣಿಸುತ್ತಿತ್ತು. ರೊಟ್ಟಿ ಬಡಿಯುವಾಗ ಕಾಣಿಸಿತು. ಸ್ನಾನದ ನೀರು ಮೈಮೇಲೆ ಹಾಕಿಕೊಳ್ಳುವಾಗ ಕಾಣಿಸಿತು. ಕಾರಣವಿಲ್ಲದೆ ಬರುವ ಅಂಜಿಕೆಗೆ ಡಾಕ್ಟರು ಗುಳಿಗೆ ಕೊಟ್ಟಿದ್ದರು, ಕಾರಣವಿರುವ ಅಂಜಿಕೆಗೆ ಅದು ನಾಟಲಿಲ್ಲ.

ಶಹಾಪುರದ ಫೋನುಗಳು ಶುರುವಾದವು. ಗೆಳತಿ ಒಳ್ಳೆಯ ಮಾತುಗಾರ್ತಿ. "ನಮಸ್ಕಾರ್ರಿ, ಧರ್ಮಾರ್ಥ ದವಾಖಾನಿಯಿಂದ ಮಾತಾಡಾಕತ್ತೇನ್ರಿ. ನಿಮ್ಮ ಮನಿಯಾಗಿನವ್ರು ಮನಸ್ಸಿನ ಡಾಕ್ಟರ್ ಹಂತ್ಯಾಕ ಸುರಪುರಕ್ಕ ಹೋಗ್ತಾರಲ್ರಿ, ಇನ್ನ ಮ್ಯಾಲ ಅಷ್ಟು ದೂರ ಹೋಗೂದು ಬ್ಯಾಡ್ರಿ" ಎಂದು ದಿನವಿಡೀ ನಗುನಗುತ್ತ ಹೇಳುತ್ತಿದ್ದಳು. ಆ ಕಡೆ ಯಾರು ಫೋನು ಎತ್ತಿದ್ದಾರೆ ಎಂದು ಕೇಳುವುದು ಅವಳಿಗೆ ಹೊಳೆಯಲಿಲ್ಲ. ಹಳ್ಳಿಯಲ್ಲಿ, ಓಣಿಯಲ್ಲಿ ಫೋನೆಂದರೆ ಮನೆಗೆಲ್ಲ ಒಂದು. ಕೆಲವರು ಮಾತಿಲ್ಲದೆ ಫೋನು ಇಟ್ಟುಬಿಡುತ್ತಿದ್ದರು. "ಥ್ಯಾಂಕ್ಸ್ ಅನ್ನೂದೂ ಇಲ್ಲ ನೋಡು ಈ ಮಂದಿ" ಎಂದು ಅವಳು ನನ್ನ ಕಡೆ ತಿರುಗಿ ಬೇಸರಪಟ್ಟಳು.

ಶನಿವಾರ ಸುರಪುರಕ್ಕೆ ಹೋದೆ. ಸೇತುವೆ ಬಂದಾಗ ಕಣ್ಣು ಮುಚ್ಚಿ, ಮುಂದಿನ ಸೀಟಿನ ಕಂಬಿ ಹಿಡಿದು ದಾಟಿದೆ. ಶಹಾಪುರದ ನಿಲ್ದಾಣದಲ್ಲಿ ಹತ್ತಬೇಕಾದ ಮುಖಗಳು ಹತ್ತಲಿಲ್ಲ. ಪಡಸಾಲೆಯ ಬೆಂಚುಗಳು ಅರ್ಧ ಖಾಲಿಯಾಗಿದ್ದವು. ನನ್ನ ಪಕ್ಕದ ಜಾಗವೂ ಖಾಲಿ. ಸರದಿ ಮುಗಿಯುವ ತನಕ ಕಾದು ಸಿಸ್ಟರ್ ಬಾಯಿಯ ಹತ್ತಿರ ಹೋದೆ.

"ವಡಗೇರಾದವ್ರು ಬಂದಿಲ್ಲೇನ್ರಿ?"

ಅವರು ಬಾಗಿಲು ಮುಚ್ಚಿದರು. "ಅಕಿ ಮನಿಗಿ ನಿಮ್ಮ ಆಫೀಸಿಂದ ಫೋನ್ ಹೋಗ್ಯಾದ್ರಿ ಬಾಯಿ. ಅತ್ತಿ ಎತ್ಯಾಳ. ಹುಚ್ಚಿನ ದವಾಖಾನಿಗಿ ಹೋಗಿ ನಮ್ಮ ಮನಿ ಮರ್ಯಾದಿ ಕಳದಿ ಅಂತ ದೊಡ್ಡ ಜಗಳಾಗಿ, ತವರಮನಿಗಿ ಕಳಸ್ಯಾರಂತ. ಗುಳಿಗಿ ಎಲ್ಲಾ ಗಟಾರಕ್ಕ ಚೆಲ್ಯಾರ. ಅಕಿನೇ ಯಾರದೋ ಫೋನ್ ಇಸಗೊಂಡು ಹೇಳಿದ್ಳು. ಅಳಾಕತ್ತಿದ್ಳು." ಆಮೇಲೆ ಕೇಳಿದರು. "ಆ ಗುಳಿಗಿ ಒಮ್ಮಿಂದೊಮ್ಮೆ ಬಿಟ್ರ ಏನಾಗ್ತದ ಅನ್ನೂದು ನಿಮಗ ಗೊತ್ತದಲ್ರಿ?"

ಗೊತ್ತಿತ್ತು. ನಾನು ಒಮ್ಮೆ ಬಿಟ್ಟಿದ್ದೆ. ಆ ಮೂರ್ನಾಲ್ಕು ದಿನ ನನ್ನ ಗಂಡ ಬಾವಿಯ ಕಡೆ ಹೋಗಲು ನನ್ನನ್ನು ಬಿಟ್ಟಿರಲಿಲ್ಲ.

"ಇನ್ನ ನಿಮ್ಮದು" ಎಂದರು ಸಿಸ್ಟರ್ ಬಾಯಿ. "ಸಿಸ್ಟಮ್ ನಿಮ್ಮ ಕೈಯಾಗೇ ಅದ. ಸೋಮವಾರದ ಒಳಗ ನಿಮ್ಮ ಹೆಸರು ತಗದುಬಿಡ್ರಿ. ಯಾರಿಗೇನು ಗೊತ್ತಾಗ್ತದ?"

ಬಸ್ಸಿನಲ್ಲಿ ಮರಳಿ ಬರುವಾಗ ಅದೊಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ತೆಗೆಯುವುದು ಕಷ್ಟವೇನಿರಲಿಲ್ಲ. ನನ್ನ ಪಾಸ್‌ವರ್ಡಿಗೆ ಎಲ್ಲ ಬಾಗಿಲೂ ತೆರೆಯುತ್ತಿದ್ದವು. ಕಿಟಕಿಯಾಚೆ ಹತ್ತಿ ಬಿಡಿಸುವವರು, ಕಾಲುವೆ ನೀರು ನಿಂತ ಗದ್ದೆಗಳು ಹಿಂದೆ ಸರಿಯುತ್ತಿದ್ದವು, ನನಗೆ ಒಂದೂ ನೆಟ್ಟಗೆ ಕಾಣಲಿಲ್ಲ. ತೆಗೆದುಬಿಡುತ್ತೇನೆ ಎಂದು ಶಹಾಪುರದ ತನಕ ನಿಶ್ಚಯಿಸಿದ್ದೆ. ಯಾದಗಿರಿ ಬರುವ ಹೊತ್ತಿಗೆ ನಿಶ್ಚಯ ಹೋಗಿ ಹೆದರಿಕೆಯೊಂದೇ ಉಳಿದಿತ್ತು.

ಭಾನುವಾರ ಜೋಳ ಬೀಸಿಸಲು ಗಿರಣಿಗೆ ಹೋದೆ. ಬೇರೆ ಯಾರೂ ಇರಲಿಲ್ಲ. ಗಿರಣಿಯವರು ಡಬ್ಬಿ ಇಸಿದುಕೊಂಡು ತಲಬಾಗಿಲಲ್ಲೇ ನಿಂತರು. ಮೈಮೇಲೆಲ್ಲ ಹಿಟ್ಟು, ಹುಬ್ಬಿನ ಮೇಲೂ ಹಿಟ್ಟು. ಇಷ್ಟು ವರ್ಷ ಪಾಲಿಸಿಕೊಂಡು ಬಂದಿದ್ದನ್ನು ಅವರು ಆ ದಿನ ಮುರಿದರು.

"ಅಕ್ಕಾರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾಳೆ ನಮ್ಮ ಊರಿನವ್ರಿಗೂ ಫೋನ್ ಬರ್ತಾವಂತ, ಖರೇ ಏನ್ರಿ?"

ನಾನು ಹೌದೆಂದು ತಲೆಯಾಡಿಸಿದೆ.

"ನನ್ನ ಫೋನ್ ಮನ್ಯಾಗ ಮಗಳ ಕೈಯಾಗ ಇರ್ತದ್ರಿ. ಅಕಿಗಿ ನಿಶ್ಚಯ ಆಗ್ಯಾದ. ಹುಡುಗನ ಕಡೆಯವ್ರು ದಿನಾ ಬಂದು ಹೋಗಿ ಮಾಡಾಕತ್ತಾರ." ಅವರು ಅಂಗೈಯಿಂದ ಮುಖದ ಹಿಟ್ಟು ಒರೆಸಿಕೊಂಡರು. "ನಮ್ಮಪ್ಪಗ ಹಿಂಗ ಇತ್ತು, ನನಗೂ ಅದ ಅಂತ ತಿಳದ್ರ, ಅಕಿಗೂ ಬರ್ತದ ಅಂತಾರ್ರಿ. ನೀವು ಅಲ್ಲೇ ಆಫೀಸಿನ್ಯಾಗ ಇರ್ತೀರಿ. ಏನರ ಮಾಡ್ರಿ ಅಕ್ಕಾರ."

ಬೀಸಿದ ಹಿಟ್ಟು ಬಿಸಿಯಾಗಿತ್ತು. ಡಬ್ಬಿಯನ್ನು ಸೊಂಟಕ್ಕೆ ಒತ್ತಿಕೊಂಡು ಮನೆಗೆ ನಡೆದೆ. ಹಾಗಾದರೆ ಅವರದ್ದೂ ತೆಗೆದುಬಿಡಲೇ? ಅವರದ್ದು ತೆಗೆದರೆ, ನನಗೆ ಮುಖ ಗೊತ್ತಿಲ್ಲದ ಉಳಿದವರದ್ದು? ಒಂದು ಕಾರ್ಡು ತಪ್ಪಿದಾಗಲೇ ಆ ಯಂತ್ರ ಕಿರುಚಿಕೊಂಡಿತ್ತು. ಎಲ್ಲರನ್ನೂ ಗುಟ್ಟಾಗಿ ತಪ್ಪಿಸಲಾಗದು, ಬಾಯಿ ಬಿಟ್ಟೇ ಹೇಳಬೇಕು. ಗಂಡನಿಗೆ ಹೇಳಿದೆ. ಅವರು ಉಣ್ಣುತ್ತಿದ್ದ ತಟ್ಟೆಯನ್ನು ಅತ್ತ ಸರಿಸಿದರು. "ನಿನ್ನ ಹೆಸರು ಬರದಂಗ ಮಾತಾಡು" ಎಂದರು.

ಹಾಗೆಯೇ ಮಾಡಬೇಕೆಂದುಕೊಂಡೆ. ಸೋಮವಾರ ಬೆಳಿಗ್ಗೆ ಸಾವ್ಕಾರ್ರ ಕೋಣೆಯಲ್ಲಿ ಮೀಟಿಂಗು. ಎಂಜಿನಿಯರ್, ಗೆಳತಿ, ಯಾದಗಿರಿ ದವಾಖಾನೆಯ ಡಾಕ್ಟರು, ನಾನು. ಯಾದಗಿರಿಯ ಹೆಸರುಗಳ ಹಾಳೆ ಪ್ರಿಂಟಾಗಿ ಗೆಳತಿಯ ಕೈಯಲ್ಲಿತ್ತು, ಅವಳಿನ್ನೂ ಅದನ್ನು ಓದಿರಲಿಲ್ಲ. ಅದರ ಮೇಲಿಂದ ನನಗೆ ಕಣ್ಣು ಕೀಳಲಾಗಲಿಲ್ಲ.

"ಸಾವ್ಕಾರ್ರ, ಈ ಫೋನ್ ಮಾಡೂದು ನಿಲ್ಲಸ್ಬೇಕ್ರಿ" ಎಂದೆ. "ಮಂದಿ ಗೊತ್ತಿಲ್ದೆ ದೂರ ಹೋಗಿಲ್ರಿ. ಬೇಕಂತೇ ಹೋಗ್ತಾರ. ತಮ್ಮ ಊರಾಗ ಯಾರರ ನೋಡ್ತಾರಂತ ಅಂಜ್ತಾರ."

ಸಾವ್ಕಾರ್ರು ಕನ್ನಡಕ ತೆಗೆದರು. "ಯಾಕ ಅಂಜಬೇಕವ್ವಾ? ಬಿಪಿ ಬರ್ತದ, ಶುಗರ್ ಬರ್ತದ, ಹಂಗ ಇದೂ ಒಂದು. ಹಿಂಗ ಕದ್ದು ಮುಚ್ಚಿ ತೊಗೊಂಡ್ರ ಮಂದಿಯ ಅಂಜಿಕಿ ಯಾವಾಗ ಹೋಗೂದು? ಊರಾಗೇ, ಎಲ್ಲಾರ ಮುಂದೇ ಗುಳಿಗಿ ತೊಗೋಬೇಕು. ಇದರಾಗ ನಾಚಿಕಿ ಮಾತೇ ಇಲ್ಲ."

ಡಾಕ್ಟರು ಹೌದೆಂದು ತಲೆದೂಗಿದರು. ಗೆಳತಿಯೂ. ಸಾವ್ಕಾರ್ರು ಹೇಳಿದ್ದು ಪುಸ್ತಕದ ಪ್ರಕಾರ ನೂರಕ್ಕೆ ನೂರು ಸರಿ, ಅದೇ ನನ್ನ ಹೊಟ್ಟೆ ಉರಿಸಿತು. ಶಹಾಪುರದ ಹೆಣ್ಣುಮಗಳ ಸಂಗತಿ ಹೇಳಿದೆ. "ಒಬ್ಬರ ಮನ್ಯಾಗ ಹಂಗಾಗಿರಬಹುದು" ಎಂದರು. "ನೀ ಯಾಕ ಇಷ್ಟು ಹಚ್ಕೊಂಡಿ? ನಿನಗ ಹ್ಯಾಂಗ ಗೊತ್ತು ಎಲ್ಲಾರೂ ಹಂಗೇ ಅಂತ?" ಗೆಳತಿಯ ಕಡೆ ತಿರುಗಿ, "ನೀ ಶುರು ಮಾಡವ್ವಾ" ಎಂದರು. ಅವಳು ಹಾಳೆ ಬಿಡಿಸಿದಳು.

ಎದೆ ಹೊಡೆದುಕೊಳ್ಳಲು ಶುರುವಾಗಿತ್ತು. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು, ಸೇತುವೆಯ ಮೇಲೆ ಆದ ಹಾಗೆಯೇ. ಈಗ ಓಡಿಹೋಗಬೇಕು, ಇಲ್ಲವೇ ಇಲ್ಲೇ ಬಿದ್ದುಬಿಡುತ್ತೇನೆ ಅನ್ನಿಸಿತು. ಓಡಲು ಕಾಲು ಏಳಲಿಲ್ಲ.

"ನಾನೂ ಹೋಗ್ತೀನ್ರಿ ಸುರಪುರಕ್ಕ" ಎಂದೆ. "ಆ ಹಾಳ್ಯಾಗ ನನ್ನ ಹೆಸರದ. ಇಲ್ಲಿ ಸೇರೂಕಿಂತ ಮೊದಲಿಂದ ಹೊಂಟೀನಿ. ಅದಕ್ಕೇ ನನಗ ಗೊತ್ತು."

ಗೆಳತಿ ಹಾಳೆಯನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಅದನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡಳು. ಸಾವ್ಕಾರ್ರ ಕಣ್ಣಲ್ಲಿ ನೀರು ಬಂತು. ಸುಳ್ಳಲ್ಲ, ನಾನೇ ನೋಡಿದೆ. ಎದ್ದು ಬಂದು, ತಾವೇ ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟರು. "ಕುಡಿಯವ್ವಾ. ಮೊದಲೇ ಹೇಳಬಾರದಿತ್ತೇನು?" ಎಂದರು. ನಾನು ಲೋಟ ಎತ್ತಿ ಪೂರ್ತಿ ಕುಡಿದೆ.

ಅವತ್ತೇ ಫೋನುಗಳು ನಿಂತವು, ಕಾರ್ಡುಗಳ ವರ್ಗವೂ ರದ್ದಾಯಿತು. ಹಾಳೆಯನ್ನು ನನ್ನೆದುರಿಗೇ ಹರಿದರು. ಮನಸ್ಸಿನ ಡಾಕ್ಟರ ಕಾರ್ಡುಗಳಿಗೆ ಎಂಜಿನಿಯರ್ ಬೇರೆ ಬೀಗ ಹಾಕಿಕೊಟ್ಟ, ಈಗ ಅವು ಡಾಕ್ಟರು ಮತ್ತು ಆಯಾ ಊರಿನ ಸಿಸ್ಟರ್ ಬಿಟ್ಟು ಯಾರಿಗೂ ಕಾಣುವುದಿಲ್ಲ. ಹೊಸಬರು ಬಂದರೆ ನಿಮಗೆ ಯಾವ ದವಾಖಾನೆ ಬೇಕು ಎಂದು ಕೇಳುವ ಸಾಲೊಂದನ್ನು ಸೇರಿಸಿದ. ಗಿರಣಿಯವರ ಮಗಳ ಮದುವೆಯಾಯಿತು, ನಾವು ಹೋಗಿ ಉಂಡು ಬಂದೆವು. ಶಹಾಪುರದ ಹೆಣ್ಣುಮಗಳು ಮಾತ್ರ ಮತ್ತೆ ಬರಲಿಲ್ಲ. ಸಿಸ್ಟರ್ ಬಾಯಿ ಬಾಣಂತಿಯರನ್ನು ನೋಡುವ ನೆವದಿಂದ ಅವಳ ತವರಿನ ತನಕ ಹೋಗಿ ಬಂದರು. ಮನೆಯವರು ಒಳಗೆ ಕರೆಯಲಿಲ್ಲವಂತೆ. ಅವಳು ಹೇಗಿದ್ದಾಳೆ ಎಂದು ನಮಗಿಬ್ಬರಿಗೂ ಗೊತ್ತಿಲ್ಲ.

ಮುಂದಿನ ವಾರ ಸಾವ್ಕಾರ್ರು ನನ್ನನ್ನು ಕರೆಸಿಕೊಂಡರು. ಬಹಳ ಮೆತ್ತಗೆ ಮಾತಾಡಿದರು. "ನೋಡವ್ವಾ, ಈ ಸಿಸ್ಟಮ್ಮಿನ ಕೆಲಸ ತಲಿಗಿ ಭಾಳ ತ್ರಾಸು. ನಿನಗ ಯಾಕ ಈ ತಕ್ಲೀಫು. ಅಕಿ ನೋಡ್ಕೋತಾಳ. ನೀ ಟಪಾಲು ಬರಿಯೂದು, ಹಾಜರಿ ನೋಡೂದು ಮಾಡ್ಕೊಂಡು ಆರಾಮ ಇರು. ಪಗಾರದಾಗ ಏನೂ ಫರಕ್ ಇಲ್ಲ." ಬಿಪಿ, ಶುಗರ್ ಇರುವ ಯಾರ ಕೈಯಿಂದಲೂ ಅವರು ಕೆಲಸ ತೆಗೆದುಕೊಂಡಿದ್ದನ್ನು ನಾನು ಕಂಡಿಲ್ಲ. ಅದನ್ನು ಹೇಳಬೇಕೆಂದು ಬಾಯಿ ತೆರೆದೆ. ನಾನು ಜೋರಾಗಿ ಮಾತಾಡಿದರೆ ಅದನ್ನೂ ಕಾಯಿಲೆ ಎನ್ನುತ್ತಾರೆ ಎಂದು ಹೆದರಿ ಮುಚ್ಚಿದೆ. ಮೂರೂ ಊರಿನ ಕಾರ್ಡುಗಳನ್ನು ಒಂದೊಂದಾಗಿ ಕೂಡಿಸಿದ್ದೆ, ಅದರ ಪಾಸ್‌ವರ್ಡನ್ನು ಗೆಳತಿಗೆ ಬರೆದುಕೊಟ್ಟು ಬಾಗಿಲ ಹತ್ತಿರದ ಮೇಜಿಗೆ ಹೋದೆ. ಅವಳು ಎರಡು ಕೈಯಿಂದ ಇಸಿದುಕೊಂಡಳು. ಮೊದಲಿನ ಹಾಗೆ ನನ್ನನ್ನು ಛೇಡಿಸುವುದನ್ನು ಬಿಟ್ಟಿದ್ದಾಳೆ. ನಾನು ಒಂದು ಫೈಲು ಮರೆತರೆ ಸಾಕು, ನಾಲ್ಕು ಕಣ್ಣುಗಳು ಒಂದನ್ನೊಂದು ನೋಡಿಕೊಳ್ಳುತ್ತವೆ.

ಈಚೆಗೆ ಒಂದು ಮಧ್ಯಾಹ್ನ ಸಿಸ್ಟಮ್ಮಿನಲ್ಲಿ ಶಹಾಪುರದ ಕಾರ್ಡುಗಳೆಲ್ಲ ಕಾಣೆಯಾದವು. ಹೊರಗೆ ಶಹಾಪುರದಿಂದ ಬಂದ ರೋಗಿಗಳು ನಿಂತಿದ್ದಾರೆ, ಪರದೆ ಖಾಲಿ. ಗೆಳತಿ ಗಾಬರಿಯಾಗಿ ಸಾವ್ಕಾರ್ರ ಕೋಣೆಗೆ ಓಡಿದಳು. ನಾನು ನನ್ನ ಮೇಜಿನಿಂದಲೇ ಶಹಾಪುರಕ್ಕೆ ಫೋನು ಹಚ್ಚಿ ಕೇಳಿದೆ. ಆಯಾ ಊರಿನ ಕಾರ್ಡುಗಳು ಆಯಾ ಊರಿನ ಕಂಪ್ಯೂಟರಿನಿಂದಲೇ ಇಲ್ಲಿಗೆ ಬರುತ್ತವೆ, ಅಲ್ಲಿ ಕರೆಂಟ್ ಹೋಗಿ, ಬ್ಯಾಟರಿಯೂ ಮುಗಿದಿತ್ತು. ಕರೆಂಟ್ ಬಂದ ಮೇಲೆ ಎಲ್ಲ ಸರಿಹೋಗುತ್ತದೆ. ಅದನ್ನು ಹೇಳಲೆಂದು ಕೋಣೆಯ ಕಡೆ ಹೋದೆ. ಬಾಗಿಲು ಅರ್ಧ ತೆರೆದಿತ್ತು.

"ಆ ಅವ್ವಗ ಒಂದು ಮಾತು ಕೇಳ್ಲೇನ್ರಿ? ಅವ್ರಿಗಿ ಗೊತ್ತಿರತದ" ಎನ್ನುತ್ತಿದ್ದಳು ಗೆಳತಿ.

"ಬ್ಯಾಡ ಬ್ಯಾಡ. ಅಕಿಗಿ ಹೇಳಬ್ಯಾಡ" ಎಂದರು ಸಾವ್ಕಾರ್ರು. ಧ್ವನಿಯಲ್ಲಿ ಬರೀ ಕರುಣೆ. "ಅಂಜ್ತಾಳ, ಪಾಪ."

ನಾನು ನಿಜವಾಗಿ ಅಂಜಿದ್ದು ಆಗ. ಯಂತ್ರಕ್ಕಲ್ಲ, ಆ ಮಾತಿಗೆ. ಇನ್ನು ಮೇಲೆ ಯಾರೂ ನನಗೆ ಏನನ್ನೂ ಹೇಳುವುದಿಲ್ಲ, ನಾನು ಹೇಳುವುದನ್ನೂ ಯಾರೂ ಕೇಳುವುದಿಲ್ಲ, ಹೀಗೇ ಈ ಕಚೇರಿಯಲ್ಲಿ ಮುದುಕಿಯಾಗುತ್ತೇನೆ ಎಂದು. ಆದರೂ ಒಳಗೆ ಹೋದೆ. ಶಹಾಪುರದಲ್ಲಿ ಕರೆಂಟ್ ಹೋಗಿದೆ, ಬಂದ ಕೂಡಲೇ ಕಾರ್ಡುಗಳು ಕಾಣುತ್ತವೆ, ಅಲ್ಲಿಯ ತನಕ ರೋಗಿಗಳನ್ನು ಚೀಟಿಯ ಮೇಲೆ ಬರೆದುಕೊಂಡು ಒಳಗೆ ಬಿಡಲಿ ಎಂದು ಹೇಳಿದೆ.

ಇಬ್ಬರೂ ನನ್ನನ್ನು ನೋಡಿದರು. ನಾನು ಹೇಳಿದ್ದನ್ನು ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ.

"ಆತವ್ವಾ" ಎಂದರು ಸಾವ್ಕಾರ್ರು. "ನೀ ಹೋಗಿ ಆರಾಮ ಕುಂದ್ರು."